ಣ ಕತ್ತಲಲ್ಲಿರಲಿ

ಉಮದಿಯ ಸ್ಟ್ಯಾಂಡಿನ ಹಿಂದೆ, ಕನ್ನಡ ಶಾಲೆಯ ಗೋಡೆಗೆ
ಮುಖ ಮಾಡಿ ಗಾಡಿ ನಿಲ್ಲಿಸು ಅಂದ ಲಾಡ್ಲೇಸಾಬ.
ಇಪ್ಪತ್ತೈದು ಫೂಟು. ಟೇಪು ಯಾರೋ ಒಯ್ದಿದ್ದರು.
ಅವನ ಮಗಳು ಚಪ್ಪಲಿ ಬಿಟ್ಟು
ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಅಳೆದಳು,
ಇಪ್ಪತ್ತರ ತನಕ ಕನ್ನಡ, ಅಲ್ಲಿಂದ ಮುಂದೆ ಮರಾಠಿ.
ಅವಳ ಪಾದ ಸಣ್ಣದು, ಮೂವತ್ತೆಂಟಾದರೆ ಲೆಕ್ಕ ಸರಿ.

ಟೈರಿನ ಗಾಳಿ ನೋಡಿದ.
'ಸೀಟಿನಾಗ ಕೂಡು, ತೂಕ ಬೇಕು.'
ಕೂತೆ, ಹೊಟ್ಟೆಯ ಸಮೇತ.

ಮೊದಲಿನ ಮಾಲೀಕ ಸಾಂಗಲಿಯವ.
ಸ್ಕಾರ್ಪಿಯೋಗೆ ಸುಣ್ಣಕ್ಕಿಂತ ಬಿಳಿಯ ಎಲ್ಇಡಿ ಕೂಡಿಸಿದ್ದ.
ಕೊಳ್ಳುವಾಗ ನನಗೂ ಅದೇ ಚಂದ ಕಂಡಿತ್ತು:
ಕಬ್ಬಿನ ಟ್ರ್ಯಾಕ್ಟರು, ಅದರ ಹಿಂದೆ ಎರಡೆರಡು ಡಬ್ಬಿ,
ಕೆಂಪು ದೀಪವಿಲ್ಲದ ಅದರ ಬೆನ್ನು,
ಎಲ್ಲವೂ ಅಷ್ಟು ದೂರದಿಂದಲೇ ಹಗಲು.

ಬಾನೆಟ್ ಎತ್ತಿ, ರಬ್ಬರ್ ಟೋಪಿ ಕಳಚಿ,
ಮೂರು ಪಿನ್ನಿನ ಹೋಲ್ಡರ್ ಅಲ್ಲಾಡಿಸಿ ಎಳೆದ.
ತಂತಿಯ ಕ್ಲಿಪ್ಪು ಕಣ್ಣಿಗೆ ಕಾಣುವುದಿಲ್ಲ.
ಬ್ಯಾಟರಿಯ ಸಂದಿಯಲ್ಲಿ ಮೊಣಕೈತನಕ ಮಾಯ,
ಮುಖ ಮಾತ್ರ ನನ್ನ ಕಡೆ,
ತಿಣುಕುವ ಎಮ್ಮೆಯೊಳಗೆ ಕರುವಿನ ಕಾಲು ತಡಕುವವನ ಹಾಗೆ.

ಹೊಸ ಬಲ್ಬು ಹ್ಯಾಲೊಜನ್, ಹಳದಿ. ಕೈ ಚಾಚಿದೆ.
'ಗಾಜ ಮುಟ್ಟಬ್ಯಾಡೋ ಯಪ್ಪಾ,
ನಿನ್ನ ಬೆರಳಿನ ಜಿಡ್ಡ ಅಲ್ಲೇ ಕುಂತು ಕಾಯತೈತಿ,
ತಿಂಗಳ ತುಂಬೂದ್ರಾಗ ಒಡೀತೈತಿ.'
ಬುಡ ಹಿಡಿದು ತಾನೇ ಕೂಡಿಸಿದ.
ನಾನು ಬೆರಳು ಮೂಸಿಕೊಂಡೆ. ಮಧ್ಯಾಹ್ನದ ಶೇಂಗಾ ಚಟ್ನಿ.

ಕತ್ತಲಿಗೆ ಕಾಯಬೇಕಿತ್ತು. ಚಹಾ ಬಂತು.
ಯಾಕೆ ಬದಲಿಸುತ್ತಿ ಅಂತ ಅವನು ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.
ಸಂಖ ರಸ್ತೆ, ಹೋದ ಸೋಮವಾರ.
ಎದುರಿಗೆ ಮೋಟರ್‌ಸೈಕಲ್ಲು, ಗಂಡ ಹೆಂಡತಿ,
ನಡುವೆ ಗಿರಣಿಯಿಂದ ತಂದ ಹಿಟ್ಟಿನ ಚೀಲ.
ಅವನ ಒಂದು ಕೈ ಹ್ಯಾಂಡಲ್ ಬಿಟ್ಟು ಹುಬ್ಬಿಗೆ ಏರಿದ್ದು ಕಂಡೆ.
ಆಮೇಲೆ ಬರೀ ಜಾಲಿಕಂಟಿ,
ಮುಳ್ಳು ಮುಳ್ಳೂ ಎಣಿಸಬಹುದು, ಅಷ್ಟು ಬೆಳಕು.
ಇಳಿದು ಓಡಿದೆ. ಇಬ್ಬರೂ ಎದ್ದು ಕೂತಿದ್ದರು,
ತಲೆಯಿಂದ ಪಾದದವರೆಗೆ ಜೋಳದ ಹಿಟ್ಟು,
ನನ್ನದೇ ದೀಪದಲ್ಲಿ ಹೊಳೆಯುತ್ತ.
ಬೈಯುತ್ತಾರೆ ಅಂದುಕೊಂಡೆ.
ಆಕೆ ಕೇಳಿದ್ದು ಒಂದೇ:
'ಅದನ್ನ ಒಂದೀಟು ಆರಸ್ತೀರೇನು?'

ಕತ್ತಲಾಯಿತು. ಕೀಲಿ ತಿರುವಿದೆ.
ಗೋಡೆಯ ಮೇಲೆ ವರ್ಣಮಾಲೆ ಎದ್ದು ಕೂತಿತು,
ಬಣ್ಣ ಉದುರಿ ಝ ಯಾವುದು ಙ ಯಾವುದು ತಿಳಿಯದು.
ಲಾಡ್ಲೇಸಾಬನಿಗೆ ಸೀಮೆಸುಣ್ಣದ ಗೆರೆ ಬೇಡ,
ಇವೇ ಅವನ ಅಳತೆಪಟ್ಟಿ.
'ಎಡಕ್ಕ ಟ ಕಾಣಬೇಕು, ಅಂಚಿಗುಂಟ ನಡಿಯಾವರು ಅಲ್ಲಿರತಾರ.
ಬಲಕ್ಕ ನ ತನಕ ಸಾಕು.
ಅದರ ಮ್ಯಾಲ ಣ ಐತಲ್ಲ, ಅದು ಕತ್ತಲದಾಗ ಇರಬೇಕು.
ಅದು ಎದುರಿನವರ ಕಣ್ಣು.'

ಮಗಳು ಗೋಡೆಯ ಪಕ್ಕ ನಿಂತು ಕೂಗಿದಳು,
ಅವನು ಸ್ಕ್ರೂ ತಿರುವಿದ, ಕಾಲು ಸುತ್ತು, ಮತ್ತೆ ಕಾಲು:
'ಕಾಣತೈತಿ ಅಬ್ಬಾ... ಇನ್ನೂ ಕಾಣತೈತಿ...
ಅರ್ಧ ಹೊಟ್ಟಿ ಐತಿ...
ಹೋತು.'

ಬಲ್ಬಿಗೆ ನಾಲ್ಕುನೂರು, ತಿರುವಿದ್ದಕ್ಕೆ ಐವತ್ತು.
ಬಿಳಿಯವನ್ನು ಮರಾಠಿ ಪೇಪರಿನಲ್ಲಿ ಸುತ್ತಿ ಕೊಟ್ಟ.
ಎಸೆಯಲಿಲ್ಲ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇನ್ನೂ ಇವೆ.

ಟ್ರ್ಯಾಕ್ಟರಿನ ಬೆನ್ನು ಈಗ ತಡವಾಗಿ ಕಾಣುತ್ತದೆ,
ಮೂರನೇ ಗೇರಿನಲ್ಲಿ ಹೋಗಬೇಕು,
ಹಿಂದಿನವರು ಹಾರ್ನು ಹೊಡೆಯುತ್ತಾರೆ.
ಅವತ್ತು ಅದೇ ಜಾಲಿಕಂಟಿಯ ತಿರುವು.
ಎದುರಿನಿಂದ ಒಂದು ಮೋಟರ್‌ಸೈಕಲ್ಲು ಬಂತು, ದಾಟಿತು.
ಯಾರೋ. ಮುಖ ಕಾಣಲಿಲ್ಲ.
ಎರಡೂ ಕೈ ಹ್ಯಾಂಡಲಿನ ಮೇಲೆ.