ಬಾಗಲಾ ಬಿಟ್ಟು ನಿಂದ್ರು

ವಾಸ್ಕೋದಲ್ಲಿ, ಬಂದರಿನ ಕಲ್ಲಿದ್ದಲ ಪುಡಿ
ಸೋಡಾ ಬಾಟಲಿಯ ಕೊರಳಿಗೂ ಕೂರುವ ಆ ಬಾರಿನಲ್ಲಿ
ನನ್ನ ಮೊದಲ ದಿನ ಯಮನೂರಪ್ಪ ಕಲಿಸಿದ್ದು
ಪೆಗ್ಗಿನ ಅಳತೆಯನ್ನಲ್ಲ,
ನಿಲ್ಲುವುದನ್ನು.

ಐವತ್ತಾರು ವಯಸ್ಸು, ಒಂದು ಕಣ್ಣಿಗೆ ಪೊರೆ.
ಬೌನ್ಸರ್ ಎಂದು ಬರೆದ ಕಪ್ಪು ಟೀ ಶರ್ಟು
ಹೊಟ್ಟೆಯ ಹತ್ತಿರ ಬಂದು ಅಕ್ಷರ ಅಗಲಿಸುತ್ತಿತ್ತು.

"ಬಾಗಲಾ ಬಿಟ್ಟು ನಿಂದ್ರು.
ಸಿಟ್ಟಿಗೆದ್ದಾಂವಗ ಹೊರಗ ಹೋಗಾಕ ಹಾದಿ ಕಾಣಬೇಕು.
ಬೆಕ್ಕಿನ್ನ ಒಳಗ ಹಾಕಿ ಕದಾ ಮುಚ್ಚಿದ್ರ
ನಿನ್ನ ಮಾರೀನ ಕದಾ ಅಂತ ತಿಳೀತೈತಿ ಅದು."

ಕೈ ಎರಡೂ ಕಾಣುವಂತಿರಬೇಕು, ಖಾಲಿ,
ರೊಟ್ಟಿ ತಟ್ಟಿ ಮುಗಿಸಿದವರ ಹಾಗೆ.
ಎದುರೆದುರು ಬೇಡ, ತುಸು ಓರೆಯಾಗಿ.
"ಅಂವಾ ದನಿ ಏರಿಸಿದ್ರ ಅದರ ಮ್ಯಾಲ ನೀ ಮಾಳಿಗಿ ಕಟ್ಟಬ್ಯಾಡ.
ಸಮಾಧಾನ ಸಮಾಧಾನ ಅಂತನೂ ಅನಬ್ಯಾಡ,
ಹಂಗಂದ್ರ ಯಾರೂ ಸಮಾಧಾನ ಆಗೂದಿಲ್ಲ.
ಓಡೂ ಹೊತ್ತು ಬಂತು? ಓಡು."

ತಾಯಿಯನ್ನು ಬೈದರೆ?
"ಬೈತಾನ. ನಿಮ್ಮವ್ವ ಗುತ್ತಲದಾಗ ಶೇಂಗಾ ಸುಲೀತಿರತಾಳ.
ಅಕಿಗೆ ಕೇಳಸೂದಿಲ್ಲ.
ನಿನಗ್ಯಾಕ ಕೇಳಸಬೇಕು?"

ನನಗೆ ಇಪ್ಪತ್ತೆರಡು. ಗರಡಿಯ ಮಣ್ಣು
ಇನ್ನೂ ಕಿವಿಯ ಹಿಂದೆ ಇತ್ತು.
ಹೇಡಿ, ಎಂದುಕೊಂಡೆ.

ಬೇಸಗೆಯ ಒಂದು ಶನಿವಾರ, ಹಡಗಿನಿಂದಿಳಿದವನೊಬ್ಬ
ಬಿಲ್ಲು ನೋಡಿ ಬಾಟಲಿ ಒಡೆದ.
ಮೂರು ಉರಾಕು, ಒಂದು ಬಾಂಗಡೆ ಫ್ರೈ.
ಒಡೆದ ಗಾಜಿನ ತುದಿಗೆ ಟ್ಯೂಬ್‌ಲೈಟು ಬಂದು ಕೂತಿತು.
ನಾನು ತೋಳು ಮಡಚಿದೆ.
ಯಮನೂರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು.
ನಡುವೆ ಒಂದು ಟೇಬಲ್ಲು ಬರುವವರೆಗೆ.

"ಪಾತ್ರಾಂವ, ಮೀನು ಸರಿ ಇರಲಿಲ್ಲವೇ?"
ಎಂದ, ತನ್ನ ಮುರುಕು ಕೊಂಕಣಿಯಲ್ಲಿ.
"ಮುಳ್ಳು! ಬರೀ ಮುಳ್ಳು!"
"ಹೌದು. ಈ ಸಲದ ಬಾಂಗಡೆ ಸಣ್ಣವು."

ಇಷ್ಟೇ. ಆಮೇಲೆ ಸುಮ್ಮನಾದ.
ಅದು ಎಷ್ಟು ಉದ್ದದ ಸುಮ್ಮನೆಂದರೆ
ಫ್ರಿಜ್ಜು ಗುರುಗುಟ್ಟಿ ನಿಂತದ್ದು ಕೇಳಿಸಿತು,
ಧಕ್ಕೆಯ ಕಡೆ ಯಾವುದೋ ಹಡಗು ಕೂಗಿದ್ದು ಕೇಳಿಸಿತು,
ಬಾಟಲಿ ಹಿಡಿದವನಿಗೂ ಕೇಳಿಸಿರಬೇಕು.
ಕೈಯಲ್ಲಿದ್ದುದನ್ನು ನೋಡಿದ,
ಯಾರೋ ಈಗ ಬಂದೆ ಎಂದು ಕೊಟ್ಟುಹೋದ ಕೂಸನ್ನು ನೋಡುವ ಹಾಗೆ.
ಮೇಜಿನ ಮೇಲಿಟ್ಟು
ತೆರೆದ ಬಾಗಿಲಿಂದ ಹೋದ.

ಬಿಲ್ಲಿನ ನಾನೂರ ಹತ್ತು ರೂಪಾಯಿ
ಯಮನೂರಪ್ಪನ ಪಗಾರದಲ್ಲಿ ಮುರಿದರು.

ಗಾಜು ಗುಡಿಸುತ್ತ ಕೇಳಿದೆ:
"ಕಾಕಾ, ಒಂದ ಕೊಟ್ಟಿದ್ರ ಬೀಳತಿದ್ದ.
ನೀವು ಯಾವಾಗರ ಗೆದ್ದೀರೇನು?"

ಅವನು ಬಕೆಟ್ಟಿಗೆ ನೀರು ಬಿಟ್ಟಿದ್ದ.
"ಗೆದ್ದೀನಿ. ಒಮ್ಮೆ. ಮಡಗಾಂವ ಸ್ಟ್ಯಾಂಡಿನ ಹಂತೇಕ.
ನೂಕಿದ್ದು ಒಂದ ಕೈಲೆ. ಕಟ್ಟಿ ಕಲ್ಲಿಂದಿತ್ತು.
ಅವರವ್ವಗ ವರ್ಷಕ್ಕೊಂದು ಸೀರಿ ಕಳಸತೀನಿ.
ತಗೋತಾಳ. ಉಡೂದಿಲ್ಲ.
ಹನ್ನೊಂದ ಆದ್ವು."

ನೀರು ಬಕೆಟ್ಟಿನ ಅಂಚು ದಾಟಿ
ನನ್ನ ಕಾಲ ಬೆರಳಿಗೆ ಬಂತು.
ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

ಮಳೆಗೆ ಮುಂಚೆ, ಮಂಗೋರ್ ಹಿಲ್ಲಿನ ಏರಿನಲ್ಲಿ,
ರಾತ್ರಿ ಒಂದೂವರೆಗೆ ಸ್ಕೂಟರೊಂದು ನನ್ನ ಬದಿಗೆ ನಿಂತಿತು.
ಇಬ್ಬರು. ಹಿಂದಿನವನ ಕೈ ಅಂಗಿಯೊಳಗಿತ್ತು.
ಮೊಬೈಲು ಕೊಟ್ಟೆ. ಕೇಳಿದಾಗ ಪಾಕೀಟೂ.
ತುಸು ಓರೆಯಾಗಿ, ಎರಡೂ ಕೈ ಕಾಣುವಂತೆ,
ಅವರ ಹಾದಿ ಬಿಟ್ಟು ನಿಂತೆ.
ಹೋಗುತ್ತ ಮುಂದಿನವನು ಬೈದ, ಅವ್ವನನ್ನೇ.
ಗುತ್ತಲದಲ್ಲಿ ಅವಳು ನಿದ್ದೆಯಲ್ಲಿದ್ದಳು.

ಖೋಲಿ ಮುಟ್ಟಿ ಚಿಲಕ ಹಾಕಿದ ಮೇಲೆ
ನಡುಕ ಬಂತು, ಮೊಣಕಾಲಿನಿಂದ ಹಲ್ಲಿನವರೆಗೆ.
ತಡೆಯಲು ಹೋಗಲಿಲ್ಲ.
ಎದ್ದು ಚಿಲಕ ತೆಗೆದು
ಹೊಸ್ತಿಲ ಮೇಲೆ ಕೂತೆ,
ಅದಕ್ಕೂ ಹೋಗಲು ಹಾದಿ ಬೇಕಲ್ಲ.