ಕೇಳು ಎಂಬ ಗುಂಡಿ

ಜಿಲ್ಲಾ ಆಸ್ಪತ್ರೆಯ ಹನ್ನೊಂದನೇ ಕೋಣೆಗೆ
ಕಿವಿ ತಪಾಸಣೆಯ ಮಶೀನು ಬಂತು, ಯಾರೋ ದಾನ ಕೊಟ್ಟದ್ದು.
ಮೈತುಂಬ ಸ್ಪ್ಯಾನಿಷ್.
ಹಸಿರು ಗುಂಡಿಯ ಮೇಲಿದ್ದದ್ದು ಓಯಿರ್ ಅಂತೆ,
ಜೋಡಿಸಲು ಬಂದ ಶೊಆನ್ ಓದಿ ಹೇಳಿದ.
ನಾನು ಬ್ಯಾಂಡೇಜ್ ಪಟ್ಟಿ ಹರಿದು ಅಂಟಿಸಿ
ಬಾಲ್‌ಪೆನ್ನಿನಲ್ಲಿ ಬರೆದೆ: ಕೇಳು.

ಹಾಗಂದರೇನು ಅಂದ.
ಕಿವಿ ಮುಟ್ಟಿ ತೋರಿಸಿದೆ. ಸುಮ್ಮನಿರಲಾರದೆ
ಪ್ರಶ್ನೆ ಹಾಕುವುದಕ್ಕೂ ಇದೇ ಅಂದೆ,
ಹಿಟ್ಟು ಕಡ ತರುವುದಕ್ಕೂ,
ಹಿರಿಯರು ಹೇಳಿದಂತೆ ನಡೆಯುವುದಕ್ಕೂ.
ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ
ಒಂದೇ ಬಾಗಿಲೇ, ಎಂದು ನಕ್ಕ.
ಗಲಿಸಿಯಾದಲ್ಲಿ, ಸಮುದ್ರದ ದಂಡೆಯ ತನ್ನೂರಲ್ಲಿ,
ಓಯಿರ್ ಇದೆಯಂತೆ. ಆದರೆ ಅವನ ಅವ್ವ
ರಾತ್ರಿ ದೋಣಿ ಮರಳಿದ ಸದ್ದಿಗೆ ಅನ್ನುವುದು ಸೆಂತೀರ್:
ತಾಗಿತು, ಮೈಗೆ ತಿಳಿಯಿತು.
ನಾನದನ್ನು ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ.
ರಸೀದಿಗೆ ಅವನ ಸಹಿ ಬೇಕಿತ್ತು.

ಮಂಗಳವಾರ ಶಹಾಬಾದಿನಿಂದ ಸಾಬಣ್ಣ ಬಂದ.
ಇಪ್ಪತ್ತಾರು ವರ್ಷ ಫರಸಿ ಕಲ್ಲಿನ ಪಾಲಿಶ್,
ರೆಪ್ಪೆಯ ಮೇಲೆ ಇನ್ನೂ ಬೂದು ಹುಡಿ.
ಸಪ್ಪಳ ಬಂದಾಗಷ್ಟೇ ಒತ್ತು ಕಾಕಾ, ಎಂದು ಸನ್ನೆ ಮಾಡಿದೆ.
ಒತ್ತಿದ. ಒತ್ತಿದ. ಬೆರಳು ಎತ್ತಲೇ ಇಲ್ಲ.
ನಾನಿನ್ನೂ ಸ್ವಿಚ್ಚೇ ಹಾಕಿರಲಿಲ್ಲ.
“ಕಿವ್ಯಾಗ ಮಶೀನ್ ನಡದೇ ಅದರೀ, ರಾತ್ರೀನೂ ಬಂದ್ ಇಲ್ಲ.”

ಬಾಯಿ ಅಗಲಿಸಿ ಕೂಗಿದೆ: ಕೇಳಸ್ತದೇನು?
ತುಟಿ ಓದಿ ಅರ್ಧ ಹಿಡಿದ.
“ಏನ್ ಕೇಳ್ಲಿ ಮೇಡಮೋರೆ?
ಕಿವ್ಯಾಗ ಇಡ್ಲಾಕ ಅರಳಿ ಕೊಡ್ರಿ ಅಂತ
ಒಮ್ಮಿ ಮಾಲಕಗ ಕೇಳಿದ್ದೆ.
ಅವರಿಗಿ ಕೇಳಸಲಿಲ್ಲ.
ಕಟರ್ ಚಾಲೂ ಇತ್ತು.”

ಅರ್ಜಿಯಲ್ಲಿ ಎರಡೇ ಚೌಕ: ಕೇಳುತ್ತದೆ, ಕೇಳುವುದಿಲ್ಲ.
ಪೆನ್ನು ಎತ್ತಿಕೊಂಡೇ ಇದ್ದೆ.
ಅಷ್ಟರಲ್ಲಿ ಅವನು ಚಪ್ಪಲಿಯಿಂದ ಕಾಲು ತೆಗೆದು
ಬರಿಯಂಗಾಲು ನೆಲಕ್ಕೂರಿ ತಲೆ ವಾಲಿಸಿದ.
“ಲಾರಿ ಬಂತು. ಹಿಂದಕ್ ಬರ್ಲಕತ್ತದ. ಲೋಡ್ ಅದ.”

ಸದ್ದು ತೂರದ ಕೋಣೆ ಅದು, ಗೋಡೆಗೆಲ್ಲ ಸ್ಪಂಜು.
ಎದ್ದು ದಪ್ಪ ಬಾಗಿಲು ತೆರೆದೆ.
ಅಂಗಳದಲ್ಲಿ ಆಕ್ಸಿಜನ್ ಸಿಲಿಂಡರಿನ ಲಾರಿ
ಹಿಂದಕ್ಕೆ ಬರುತ್ತಿತ್ತು, ಕ್ಲೀನರ್ ಬಡಿಯುತ್ತಿದ್ದ, ಬರಲಿ, ಬರಲಿ.

ನೆಲ ನೋಡಿದೆ. ಶಹಾಬಾದಿ ಫರಸಿ.
ಯಾರು ತಿಕ್ಕಿದ್ದೆಂದು ಹನ್ನೆರಡು ವರ್ಷ
ಇದರ ಮೇಲೆ ಓಡಾಡಿಯೂ ಕೇಳಿರಲಿಲ್ಲ.

ಅವನು ಹೋದ ಮೇಲೆ, ಮುಂದಿನ ನಂಬರ್ ಕರೆಯುವ ಮೊದಲು,
ನಾನೂ ಚಪ್ಪಲಿ ಬಿಟ್ಟು ನಿಂತೆ.
ಕಲ್ಲು ತಣ್ಣಗಿತ್ತು.
ನನಗೇನೂ ಕೇಳಲಿಲ್ಲ.