ಇದೂ ಸ್ಟೀಲೇ

ಪೆಟ್ಟಿಗೆಯಲ್ಲಿ ಎಂಟು ಗೂಡು. ಏಳು ತುಂಬಿದ್ದವು.
ಎಂಟನೆಯದನ್ನು ಫೋರ್ಟಿನ ಅಂಗಡಿಯಲ್ಲಿ ಸೋಲಿ ಸೇಠರು
ಬಿಳಿ ಕೈಗವಸು ತೊಟ್ಟು,
ನೆತ್ತಿ ಗಟ್ಟಿಯಾಗದ ಕೂಸನ್ನು ದಾಟಿಸುವಂತೆ
ನನ್ನ ಅಂಗೈಗೆ ದಾಟಿಸಿದರು.

"ತಾರೀಖು, ವಾರ, ತಿಂಗಳು, ಚಂದ್ರ, ಎಲ್ಲ ತಾನೇ ನೋಡಿಕೊಳ್ಳುತ್ತದೆ ಡಾಕ್ಟರ್,
ಫೆಬ್ರವರಿ ಬಂದರೆ ತಿದ್ದಬೇಕಾಗಿಲ್ಲ, ಅಧಿಕ ವರ್ಷವೂ ಗೊತ್ತು.
ಎರಡು ಸಾವಿರದ ನೂರನೇ ಇಸವಿಯಲ್ಲಿ ಮಾತ್ರ
ಒಂದು ದಿನ ತಪ್ಪುತ್ತದೆ. ಆಗ ತನ್ನಿ, ಸರಿಮಾಡಿ ಕೊಡುತ್ತೇನೆ."
ಅವರಿಗೆ ಎಂಬತ್ತು, ನನಗೆ ಐವತ್ತಮೂರು.
ಇಬ್ಬರೂ ನಕ್ಕೆವು. ಕಾರ್ಡು ಉಜ್ಜಿದೆ.

ಲೋಕಲ್ಲಿನಲ್ಲಿ ಅದನ್ನು ಊಟದ ಚೀಲದೊಳಗೆ,
ಖಾಲಿ ಮೊಸರು ಡಬ್ಬಿಯ ಪಕ್ಕ ಇಟ್ಟುಕೊಂಡು ಮುಲುಂಡಿಗೆ ಬಂದೆ.
ಅಮ್ಮ ತಿರುವಿ ನೋಡಿದಳು. ಉಗುರಿನಿಂದ ತಟ್ಟಿ ಕಿವಿಗೊಟ್ಟಳು,
ಪಾತ್ರೆ ಅಂಗಡಿಯಲ್ಲಿ ತಟ್ಟುವಂತೆ.
"ಬೆಳ್ಳಿಯಾ?"
"ಸ್ಟೀಲು."
"ಎಷ್ಟಾಯ್ತು?"
ಒಂದು ಸೊನ್ನೆ ನುಂಗಿ ಹೇಳಿದೆ.
"ಸ್ಟೀಲಿಗಾ ಮಾರಾಯ್ತಿ!"

ನಿಜ. ನಮ್ಮ ಮನೆಗೆ ಸ್ಟೀಲು ದುಡ್ಡಿಗೆ ಬಂದದ್ದೇ ಇಲ್ಲ.
ಮಧ್ಯಾಹ್ನ ಎರಡಕ್ಕೆ ಚಾಳಿನ ಮೆಟ್ಟಿಲಲ್ಲಿ ಜೀವಿಬೆನ್ ಕೂಗು,
ತಲೆಯ ಬುಟ್ಟಿಯಿಂದ ಬಿಸಿಲು ಎದುರು ಗೋಡೆಗೆ ಹಾರಿ
ಎಲ್ಲರ ಕಿಟಕಿಯಲ್ಲೂ ಒಂದು ಕ್ಷಣ ಇಣುಕುತ್ತಿತ್ತು.
ಅಪ್ಪನ ಎರಡು ಪ್ಯಾಂಟಿಗೆ ಒಂದು ಡಬ್ಬಿ.
ಮುಚ್ಚಳಕ್ಕೆ ಬೇರೆ ಅಂಗಿ.
ಸವೆದ ಮೊಣಕಾಲನ್ನು ಅಮ್ಮ ಒಳಮಡಿಕೆಗೆ ಸೇರಿಸುವಳು,
ಜೀವಿಬೆನ್ ಬಿಡಿಸಿ, ಬೆಳಕಿಗೆ ಹಿಡಿದು,
ಆ ತೂತಿನಿಂದಲೇ ಅಮ್ಮನನ್ನು ನೋಡುವಳು.
ಅಪ್ಪ ಆ ಪ್ಯಾಂಟನ್ನು ಒಂದು ವಾರ ಹುಡುಕಿದರು.

ನನ್ನ ಕೆಲಸ ನಿದ್ದೆ ಮಾಡಿಸುವುದು.
"ನೂರರಿಂದ ಹಿಂದಕ್ಕೆ ಎಣಿಸಿ" ಎನ್ನುತ್ತೇನೆ
ಪರೇಲಿನ ಆ ತಣ್ಣನೆಯ ಕೋಣೆಯಲ್ಲಿ;
ತೊಂಬತ್ತೈದು ಕಂಡವರು ಕಮ್ಮಿ.
ಅಲ್ಲಿ ಮಣಿಕಟ್ಟು ಬರಿದಾಗಿರಬೇಕು, ಉಂಗುರವೂ ಕೂಡದು.
ಎದ್ದವರು ನೋವಿಗಿಂತ ಮೊದಲು ಕೇಳುವುದು: ಎಷ್ಟು ಹೊತ್ತಾಯಿತು?
ನಾಲ್ಕು ಗಂಟೆ ಎಂದರೆ ನಂಬುವುದಿಲ್ಲ,
ನಾನೇ ಕದ್ದೆನೇನೋ ಎಂಬಂತೆ ನೋಡುತ್ತಾರೆ.

ಇರಲಿ. ಇದನ್ನೆಲ್ಲ ಅಮ್ಮನಿಗೆ ಹೇಳಲಿಲ್ಲ.
ಸೂಜಿಯಂಥ ಕಡ್ಡಿಯಿಂದ ಚಂದ್ರನನ್ನು ಒತ್ತೊತ್ತಿ
ಇವತ್ತಿನ ಚೌತಿಗೆ ತರುತ್ತಿದ್ದೆ;
ಒಂದು ಸಲ ಹೆಚ್ಚು ಒತ್ತಿದರೆ ಮತ್ತೆ ತಿಂಗಳಿಡೀ ಸುತ್ತಿಸಬೇಕು.
ಅವಳು ಕನ್ನಡಕ ಏರಿಸಿ ಬೆನ್ನಿನ ಅಂಕಿ ಓದಿದಳು.
"ಹೆಸರು ಹಾಕಿಸಲಿಲ್ಲವಾ?
ಪಕ್ಕದ ಮನೆಯದರ ಜೊತೆ ಅದಲುಬದಲಾದರೆ?"
ಅಡುಗೆಮನೆಯ ಸಕ್ಕರೆ ಡಬ್ಬಿಯ ಮೇಲೆ ಇನ್ನೂ ಇದೆ
ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದು, ಮರಾಠಿಯಲ್ಲಿ, ಒಂದು ಅಕ್ಷರ ತಪ್ಪಿ:
ಗುಲಾಬಿ ಸಾಲ್ಯಾನ್, ೧೯೭೯.

ಸ್ವಲ್ಪ ಹೊತ್ತು ಬಿಟ್ಟು, ಲೆಕ್ಕ ಮುಗಿಸಿದವಳಂತೆ:
"ಜೀವಿಬೆನ್ ಇದಕ್ಕೆ ನಾಲ್ಕು ಸೀರೆ ಕೇಳುತ್ತಿದ್ದಳು.
ನಾನು ಎರಡಕ್ಕೆ ಇಳಿಸುತ್ತಿದ್ದೆ."
ಆಮೇಲೆ, "ಟೈಮೆಷ್ಟು? ಮಾತ್ರೆ ತಗೊಳ್ಳಬೇಕು."

ಕೈಯಲ್ಲಿದ್ದದ್ದು ಇನ್ನೂ ಯಾವುದೋ ಮಂಗಳವಾರದಲ್ಲಿತ್ತು.
ಗೋಡೆಯದನ್ನು ನೋಡಿ ಹೇಳಿದೆ.